ತೊಳೆದ ಕೈ

ನಮ್ಮ ದ್ಯಾಮಮ್ಮತ್ತೆ ಕೈ ತೊಳೆಯುವುದನ್ನು ಒಮ್ಮೆ ನೋಡಿದವರು ಮರೆಯುತ್ತಿರಲಿಲ್ಲ. ಮೊದಲು ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುತ್ತಿದ್ದರು. ಆಮೇಲೆ ಸೋಪು ಹಚ್ಚಿ ಅಂಗೈ, ಮುಂಗೈ, ಬೆರಳ ಸಂದಿ, ಉಗುರಿನ ತುದಿ, ಕೊನೆಗೆ ಮಣಿಕಟ್ಟು. ಬಾಯೊಳಗೇ ಒಂದರಿಂದ ಮೂವತ್ತರವರೆಗೆ ಎಣಿಕೆ. ಹಬ್ಬದ ದಿನ ಎಲೆಯ ಮುಂದೆ ಹತ್ತು ಜನ ಕಾಯುತ್ತಿದ್ದರೂ ಎಣಿಕೆ ಮುಗಿಯದೆ ಅವರು ಪಂಕ್ತಿಗೆ ಬರುತ್ತಿರಲಿಲ್ಲ. ನಮ್ಮಪ್ಪ, ಅಂದರೆ ಅವರ ತಮ್ಮ, ‘ನಮ್ಮಕ್ಕ ಬರೋ ಹೊತ್ತಿಗೆ ಪಾಯಸ ಆರಿ ತಣ್ಣಗಾಗಿರ್ತದೆ’ ಎಂದು ನಗುತ್ತಿದ್ದರು.

ಅತ್ತೆಯ ಹುಟ್ಟೂರು ಹೊನ್ನಾಳಿ ಹತ್ತಿರದ ಗೋವಿನಕೋವಿ. ನರ್ಸ್ ತರಬೇತಿ ಮುಗಿಸಿದಾಗ ಅವರಿಗೆ ಇಪ್ಪತ್ತಮೂರು ವರ್ಷ. ಕೆಲಸ ಸಿಕ್ಕಿದ್ದು ಜಗಳೂರು ತಾಲ್ಲೂಕಿನಲ್ಲಿ, ಬಿಳಿಚೋಡಿನಿಂದ ಆಚೆಗಿನ ಒಂದು ಹಟ್ಟಿಯಲ್ಲಿ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ‘ಆ ಬಯಲುಸೀಮೆಗೆ ಒಂಟಿ ಹುಡುಗಿ ಹೋಗೋದಾ’ ಎಂದು ಮನೆಯಲ್ಲಿ ಅವರ ತಾಯಿ, ನಮ್ಮಜ್ಜಿ, ಅತ್ತಿದ್ದರಂತೆ. ಅತ್ತೆ ಟ್ರಂಕು ಹಿಡಿದು ಹೋದವರು ಮೂವತ್ತೇಳು ವರ್ಷ ಅಲ್ಲೇ ಇದ್ದರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತುಹೋಯಿತು. ಮೂರನೆಯ ಸಲ ಬರಲಿಲ್ಲ, ಅವರೂ ಕಾಯಲಿಲ್ಲ.

ನನ್ನ ಬೇಸಿಗೆ ರಜೆಗಳೆಲ್ಲ ಕಳೆದದ್ದು ಅವರ ಕ್ವಾರ್ಟರ್ಸಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಹುಣಸೆಮರ. ಸ್ಟೌವಿನ ಮೇಲೆ ಅನ್ನದ ಪಾತ್ರೆಗಿಂತ ಹೆಚ್ಚು ಹೊತ್ತು ಕುದಿಯುತ್ತಿದ್ದದ್ದು ಸೂಜಿಗಳ ಡಬ್ಬಿ. ಗಾಜಿನ ಸಿರಿಂಜುಗಳು ಕುದಿಯುವಾಗ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದಿಗೇ ನನಗೆ ಬೆಳಗ್ಗೆ ಎಚ್ಚರವಾಗುತ್ತಿತ್ತು. ಸಂಜೆ ಕುರಿಗಳು ಹಟ್ಟಿಗೆ ಮರಳುವಾಗ ಏಳುವ ಧೂಳಿನಲ್ಲಿ ಸೂರ್ಯ ಕೆಂಪಗೆ ಕಾಣಿಸುತ್ತಿದ್ದ. ಆ ಧೂಳಿನ ನಡುವಿನಿಂದಲೇ ಕೊಲ್ಲಾಪುರಜ್ಜಿ ನಡೆದು ಬರುತ್ತಿದ್ದರು, ಸೆರಗಿನಲ್ಲಿ ಬಿಸಿ ಸಜ್ಜೆ ರೊಟ್ಟಿ ಕಟ್ಟಿಕೊಂಡು.

ಕೊಲ್ಲಾಪುರಮ್ಮ ಆ ಹಟ್ಟಿಯ ಸೂಲಗಿತ್ತಿ. ಅತ್ತೆಗಿಂತ ಎಂಟು ವರ್ಷ ದೊಡ್ಡವರು. ಅತ್ತೆ ಅವರನ್ನು ‘ಅಕ್ಕಾ’ ಅನ್ನುತ್ತಿದ್ದರು, ಅವರು ಅತ್ತೆಯನ್ನು ‘ನರ್ಸಮ್ಮ’ ಅನ್ನುತ್ತಿದ್ದರು. ಒಬ್ಬರು ನೀನು, ಒಬ್ಬರು ನೀವು. ಹೆರಿಗೆಗೆ ಕರೆ ಬಂದರೆ ಇಬ್ಬರೂ ಒಟ್ಟಿಗೆ ಹೊರಡುವುದು. ಲಸಿಕೆಯ ದಿನ ಐಸಿನ ಡಬ್ಬಿಯನ್ನು ಸರದಿಯ ಮೇಲೆ ಹೊತ್ತುಕೊಂಡು ಹಟ್ಟಿಯಿಂದ ಹಟ್ಟಿಗೆ ನಡೆಯುವುದು. ನಾನು ಹಿಂದಿನಿಂದ ಓಡಿಕೊಂಡು ಹೋಗುತ್ತಿದ್ದೆ. ದಾರಿಯುದ್ದಕ್ಕೂ ಅವರಿಬ್ಬರ ಮಾತು ಮುಗಿಯುತ್ತಿರಲಿಲ್ಲ. ಯಾರ ಮನೆಯಲ್ಲಿ ಯಾವ ಮಗು ಯಾವ ಮಳೆಯಲ್ಲಿ ಹುಟ್ಟಿತು, ಯಾವುದು ಕಾಲು ಮುಂದಾಗಿ ಬಂತು, ಯಾವುದು ಅಳಲು ತಡ ಮಾಡಿತು, ಎಲ್ಲ ಅವರಿಗೆ ನೆನಪಿರುತ್ತಿತ್ತು. ‘ಅಕ್ಕನಿಗೆ ಸೋಪು ಹಿಡಿಯೋದು ಕಲಿಸಿದ್ದು ನಾನೇ’ ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಆಗೆಲ್ಲ ಕೊಲ್ಲಾಪುರಜ್ಜಿ ಎಲೆಅಡಿಕೆಗೆ ಸುಣ್ಣ ಹಚ್ಚುತ್ತ ಕೂತಿರುತ್ತಿದ್ದರು.

ನಿವೃತ್ತಿಯಾದ ಮೇಲೆ ಅತ್ತೆ ಹೊನ್ನಾಳಿಗೆ, ನಮ್ಮ ಮನೆಗೆ ಬಂದರು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಟೀಚರು. ನನ್ನ ಗಂಡ ಗುರುಬಸವರಾಜ್ ಬೀಜ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಾರೆ. ಎರಡು ವರ್ಷ ಅತ್ತೆ ಚೆನ್ನಾಗಿಯೇ ಇದ್ದರು. ಆಮೇಲೆ ಕಾಲು ಊದತೊಡಗಿತು. ಮತ್ತೆ ಹೊಟ್ಟೆ. ದಾವಣಗೆರೆಯಲ್ಲಿ ಪರೀಕ್ಷೆ ಮಾಡಿಸಿದರೆ ಲಿವರ್ ಗಟ್ಟಿಯಾಗಿ ಕುಗ್ಗಿಹೋಗಿದೆ ಎಂದರು. ಹೆಪಟೈಟಿಸ್ ಬಿ ವೈರಸ್ಸು, ರಕ್ತದಿಂದ ರಕ್ತಕ್ಕೆ ಹೋಗುವಂಥದ್ದು. ಎಂದು ಬಂತು, ಹೇಗೆ ಬಂತು ಎಂದು ಯಾರೂ ಹೇಳುವಂತಿರಲಿಲ್ಲ. ಕೆಲಸದಲ್ಲಿ ಸೂಜಿ ಚುಚ್ಚಿಕೊಂಡದ್ದು ಒಂದೆರಡು ಸಲವಲ್ಲ ಎಂದು ಅತ್ತೆ ತಮ್ಮ ಬಲಗೈಯ ತೋರುಬೆರಳನ್ನು ನೋಡಿಕೊಂಡರು, ಅಷ್ಟೆ.

ಊರಿನವರಿಗೆ ಲಿವರ್ ಕಾಯಿಲೆ ಅಂದರೆ ಕುಡಿತ. ನಮ್ಮ ಬೀದಿಯ ಹೆಂಗಸೊಬ್ಬಳು ‘ನಿಮ್ಮತ್ತೆಗೆ ಅಭ್ಯಾಸ ಇತ್ತಾ?’ ಎಂದು ಕೇಳಿಯೇ ಬಿಟ್ಟಳು. ನನಗೆ ಮೈ ಉರಿಯಿತು. ಅತ್ತೆ ಮಾತ್ರ ನಗುತ್ತ, ‘ಇತ್ತು ಕಣಮ್ಮ, ಮಜ್ಜಿಗೆದು’ ಅಂದರು.

ಉಪ್ಪಿಲ್ಲದ ಊಟ, ನೀರಿಳಿಸುವ ಮಾತ್ರೆ, ತಿಂಗಳಿಗೊಮ್ಮೆ ದಾವಣಗೆರೆಗೆ ಪ್ರಯಾಣ. ಹೀಗೆ ಒಂದೂವರೆ ವರ್ಷ ನಡೆಯಿತು. ತಮ್ಮ ಚಾರ್ಟನ್ನು ತಾವೇ ಬರೆದಿಡುತ್ತಿದ್ದರು: ತೂಕ, ಮೂತ್ರ, ಜ್ವರ. ಮನೆಯಲ್ಲಿ ಅವರೇ ರೋಗಿ, ಅವರೇ ನರ್ಸು.

ಅದು ಹೋದ ವರ್ಷದ ಹಿಂದಿನ ವರ್ಷ, ಫೆಬ್ರವರಿಯ ಒಂದು ಶನಿವಾರ. ಹಿಂದಿನ ದಿನ ಸಂಜೆಯೇ ಕೊಲ್ಲಾಪುರಜ್ಜಿ ಬಸ್ಸು ಬದಲಿಸಿ ಬದಲಿಸಿ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಹಸಿ ಶೇಂಗಾದ ಚೀಲ. ವಯಸ್ಸು ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ನಾನು ಹನ್ನೆರಡಕ್ಕೆ ಬಂದಾಗ ಇಬ್ಬರೂ ಹಿತ್ತಲಿನ ಬಿಸಿಲಿನಲ್ಲಿ ಕೂತಿದ್ದರು. ಬೇಯಿಸಿದ ಶೇಂಗಾ ತಟ್ಟೆಯಲ್ಲಿತ್ತು. ಅಜ್ಜಿ ಏನೋ ಹೇಳುತ್ತಿದ್ದರು. ಅತ್ತೆ ತಲೆಯಾಡಿಸುತ್ತಿದ್ದರು. ಹಳೆಯ ಬೇಸಿಗೆಯೇ ಮರಳಿ ಬಂದಂತೆ ಅನ್ನಿಸಿ ನನಗೆ ಹಿತವಾಯಿತು.

ನಾನು ಅಡುಗೆಮನೆಗೆ ಹೋದೆ. ಅಜ್ಜಿ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದರು.

“ರಮ್ಯಾ, ನಿಮ್ಮತ್ತೆ ಕೈ ತೊಳೀದೆ ಶೇಂಗಾ ತಿಂದ್ರು.”

ನನಗೆ ನಗು ಬಂತು. “ಮಾತಿನ ಭರಕ್ಕೆ ಮರೆತಿರಬೇಕು ಬಿಡಜ್ಜಿ. ನಿನ್ನ ನೋಡಿದ ಖುಷಿ.”

“ಬೆಳಗಿಂದ ಮೂರು ಸಲ ನೋಡೀನಿ. ಬಚ್ಚಲಿಂದ ಬಂದಾಗ್ಲೂ ತೊಳ್ಳಿಲ್ಲ. ಮಾತು ತಡ ಆಗೈತೆ. ಕುಂತಲ್ಲೇ ಕಣ್ಣು ಮುಚ್ತಾರೆ. ಎದ್ದಾಗಿಂದ ಒಂದೇ ಸಲ ಒಂದಕ್ಕೆ ಹೋಗ್ಯಾರೆ, ಅದೂ ಇಷ್ಟೇ ಇಷ್ಟು.”

ನಾನು ಹಿತ್ತಲಿಗೆ ಹೋಗಿ ಅತ್ತೆಯ ಹಣೆ ಮುಟ್ಟಿದೆ. ತಣ್ಣಗಿತ್ತು. ಅವರೇ ಥರ್ಮಾಮೀಟರ್ ತರಿಸಿಕೊಂಡು ಕಂಕುಳಲ್ಲಿಟ್ಟುಕೊಂಡರು. ತೊಂಬತ್ತೆಂಟೂವರೆ.

“ಜ್ವರ ಇಲ್ಲ. ಹೊಟ್ಟೆ ನೋವೂ ಇಲ್ಲ. ರಾತ್ರಿ ನಿದ್ದೆ ಬಂದಿಲ್ಲ ಅಷ್ಟೆ” ಅಂದರು ಅತ್ತೆ. ಮಾತು ನಿಜಕ್ಕೂ ಸ್ವಲ್ಪ ನಿಧಾನವಾಗಿತ್ತು. ಆದರೆ ಹೇಳುತ್ತಿದ್ದವರು ನರ್ಸು. ನನಗೆ ಅದೇ ಸಾಕಾಯಿತು.

“ಬುಧವಾರ ಹೆಂಗೂ ಡಾಕ್ಟರ ಹತ್ರ ಹೋಗಾದೈತಲ್ಲ ಅಜ್ಜಿ. ಅಲ್ಲಿವರೆಗೆ ನೋಡಾನ” ಅಂದೆ.

ಅಜ್ಜಿ ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. “ನಲವತ್ತು ವರ್ಷ ನೋಡೀನಿ ಆ ಕೈನ. ಸೋಪು ಕಾಣ್ದೆ ಬಾಯಿಗೆ ಹೋಗಿದ್ದಿಲ್ಲ. ಇದು ಆಯಮ್ಮ ಮರ್ತಿದ್ದಲ್ಲ, ಏನೋ ಆಗೈತೆ. ನಿನ್ನ ಗಂಡಗೆ ಫೋನ್ ಮಾಡು. ಕಾರ್ ತರಾಕೆ ಹೇಳು. ಈಗ್ಲೇ!”

ಅವರ ಕಣ್ಣು ನೋಡಿ ನಾನು ಫೋನ್ ಎತ್ತಿಕೊಂಡೆ. ಸತ್ಯ ಹೇಳಬೇಕೆಂದರೆ, ನಂಬಿಕೆಯಿಂದಲ್ಲ. ಅಜ್ಜಿಯ ಸಮಾಧಾನಕ್ಕೆ.

ದಾವಣಗೆರೆ ರಸ್ತೆಯಲ್ಲಿ ನಾಲೆಯ ಪಕ್ಕದ ಗದ್ದೆಗಳಲ್ಲಿ ಭತ್ತ ಹಸಿರಾಗಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ ಅಜ್ಜಿಯ ಭುಜಕ್ಕೆ ಒರಗಿದ್ದರು. ಅರ್ಧ ದಾರಿಯಲ್ಲಿ ಕಣ್ಣು ತೆರೆದು ಗುರುಬಸವರಾಜರಿಗೆ, “ಡ್ರೈವರೇ, ಸ್ವಲ್ಪ ಜೋರಾಗಿ ಹೋಗಿ. ಐಸ್ ಕರಗ್ತದೆ. ಅಲ್ಲಿ ಮಕ್ಕಳು ಕಾಯ್ತಿರ್ತಾವೆ” ಅಂದರು.

ಗುರುಬಸವರಾಜ್ ಪಕ್ಕಕ್ಕೆ ತಿರುಗಿ ನನ್ನ ಮುಖ ನೋಡಿದರು.

“ಕರಗಲ್ಲ ಬಿಡ್ರಿ ನರ್ಸಮ್ಮ. ಗೋಣಿಚೀಲ ಸುತ್ತೀನಿ, ಹೊಟ್ಟು ತುಂಬೀನಿ. ಸಂಜೆ ಮಟ ಹಂಗೇ ಇರ್ತದೆ” ಅಂದರು ಅಜ್ಜಿ, ಅತ್ತೆಯ ತಲೆ ಸವರುತ್ತ. ಅತ್ತೆ ಸಮಾಧಾನಗೊಂಡು ಮತ್ತೆ ಕಣ್ಣು ಮುಚ್ಚಿದರು. ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ಆ ಹೊತ್ತಿಗೆ ಅಳತೊಡಗಿದ್ದೆ.

ಆಸ್ಪತ್ರೆಯ ಡಾಕ್ಟರ್ ಶಾಂತಲಾ ಇನ್ನೂ ಮೂವತ್ತೈದರ ಒಳಗಿನ ಹೆಣ್ಣುಮಗಳು. ಅತ್ತೆಯ ಕೈ ನೆಟ್ಟಗೆ ಚಾಚಿಸಿ, ಅಂಗೈ ಹಿಂದಕ್ಕೆ ಮಡಿಚಲು ಹೇಳಿದರು. ಕೈ ಪಟಪಟ ಅದುರಿ ಅದುರಿ ಕೆಳಗೆ ಬೀಳುತ್ತಿತ್ತು. ತಡಮಾಡದೆ ಹೊಟ್ಟೆಗೆ ತೆಳ್ಳಗಿನ ಸೂಜಿ ಹಾಕಿ ಒಂದಿಷ್ಟು ನೀರು ತೆಗೆದರು. ಎಂದಿನಂತೆ ಗೋಧಿ ಹುಲ್ಲಿನ ಬಣ್ಣವಿರಲಿಲ್ಲ, ಅಕ್ಕಿ ತೊಳೆದ ನೀರಿನಂತೆ ಸ್ವಲ್ಪ ಮಬ್ಬಾಗಿತ್ತು. ಸಂಜೆಯೊಳಗೆ ವರದಿ ಬಂತು. ಹೊಟ್ಟೆಯ ನೀರಿಗೆ ಸೋಂಕು ತಗುಲಿತ್ತು. ಅಷ್ಟು ಹೊತ್ತಿಗೆ ಆಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಿತ್ತು. ಕಿಡ್ನಿಗೆ ಏಟು ಬೀಳದಿರಲಿ ಎಂದು ಆಲ್ಬುಮಿನ್ ಬಾಟಲಿಯನ್ನೂ ಏರಿಸಿದರು.

“ಜ್ವರಾನೇ ಇರ್ಲಿಲ್ಲ ಡಾಕ್ಟ್ರೇ” ಎಂದೆ, ತಪ್ಪೊಪ್ಪಿಕೊಳ್ಳುವವಳಂತೆ.

“ಈ ಸೋಂಕಿನಲ್ಲಿ ಎಷ್ಟೋ ಸಲ ಜ್ವರ ಬರೋದಿಲ್ಲ, ನೋವೂ ಬರೋದಿಲ್ಲ. ಸ್ವಲ್ಪ ಗೊಂದಲ, ಮೂತ್ರ ಕಡಿಮೆ, ಅಷ್ಟೇ ಕಾಣಿಸೋದು. ಬುಧವಾರದವರೆಗೆ ಕಾದಿದ್ದರೆ ಕಷ್ಟ ಇತ್ತು” ಎಂದರು ಅವರು. ನಾನು ಅಜ್ಜಿಯ ಕಡೆ ನೋಡಿದೆ. ಅವರು ಹೊರಗೆ ಬೆಂಚಿನ ಮೇಲೆ ಚಪ್ಪಲಿ ಬಿಚ್ಚಿಟ್ಟು ಕಾಲು ಮಡಚಿ ಕೂತಿದ್ದರು.

ಮೂರನೆಯ ದಿನ ಅತ್ತೆಯ ತಲೆ ತಿಳಿಯಾಯಿತು. ಮೊದಲು ಕೇಳಿದ್ದು ತಮ್ಮ ಚಾರ್ಟು. ಎರಡನೆಯದು, “ಸೋಂಕು ಎಲ್ಲಿಂದ ಬಂತು?”

ಡಾಕ್ಟರ್ ಶಾಂತಲಾ ಮಂಚದ ಅಂಚಿನಲ್ಲಿ ಕೂತು ಹೇಳಿದರು. ಎಲ್ಲರ ಕರುಳಿನಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಆರೋಗ್ಯ ಚೆನ್ನಾಗಿದ್ದಾಗ ಅವು ತಮ್ಮ ಪಾಡಿಗೆ ಇದ್ದು ಅನ್ನ ಅರಗಿಸಲು ನೆರವಾಗುತ್ತವೆ. ಕರುಳಿನಿಂದ ಹೊರಡುವ ರಕ್ತವೆಲ್ಲ ಲಿವರ್ ದಾಟಿ ಹೋಗಬೇಕು, ಅಲ್ಲಿ ಅದು ಸೋಸಿಹೋಗುತ್ತದೆ. ಲಿವರ್ ಗಟ್ಟಿಯಾದರೆ ರಕ್ತ ಹಿಂದೆ ಒತ್ತಿ ಕರುಳಿನ ಗೋಡೆ ಊದಿ ಸಡಿಲವಾಗುತ್ತದೆ. ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ಬಗೆಯೂ ಏರುಪೇರಾಗುತ್ತದೆ. ಕೆಲವು ಗೋಡೆ ದಾಟಿ ಹೊಟ್ಟೆಯ ನೀರಿಗೆ ಬಂದುಬಿಡುತ್ತವೆ. ತಡೆಯುವ ಶಕ್ತಿ ಮೈಯಲ್ಲಿ ಕಡಿಮೆಯಾಗಿರುತ್ತದೆ.

“ಅಂದ್ರೆ ಹೊರಗಿಂದ ಬಂದಿದ್ದಲ್ಲ” ಅಂದರು ಅತ್ತೆ.

“ಅಲ್ಲ. ನಿಮ್ಮೊಳಗಿನವೇ.”

“ನಾನು ಎಲ್ಲೂ ಕೊಳೆ ಮಾಡ್ಕಂಡಿಲ್ಲ.”

“ಇಲ್ಲಮ್ಮ, ಯಾರ ಕೈ ತಪ್ಪೂ ಇಲ್ಲ ಇದರಲ್ಲಿ. ಎಷ್ಟು ತೊಳೆದರೂ ಇದು ಬರಬಹುದಿತ್ತು.”

ಡಾಕ್ಟರ್ ಹೋದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಧ್ಯಾಹ್ನದ ಗಂಜಿ ಬೇಡವೆಂದರು. ಬೇಸರವಾಗಿರಬೇಕೆಂದುಕೊಂಡೆ. ಅಜ್ಜಿ ಪಕ್ಕದಲ್ಲಿ ಕೂತು ಮೋಸಂಬಿ ಸುಲಿಯುತ್ತಿದ್ದರು.

ಮೂರು ಗಂಟೆಯ ಹೊತ್ತಿಗೆ ಅತ್ತೆ ಈ ಕಡೆ ಹೊರಳಿದರು.

“ಅಕ್ಕಾ, ಅವತ್ತು ಕೆಂಚೇಶನ ಮನೆಯಾಗೆ, ಲಕ್ಷ್ಮಿದೇವಿ ಹೆರಿಗೆ ದಿನ, ನೀನು ಕೈ ತೊಳ್ದಿದ್ಯಾ?”

ಅಜ್ಜಿಯ ಬೆರಳುಗಳು ನಿಂತವು. ಆ ಹೆಸರು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಕಥೆ ನನಗೆ ಆ ದಿನವೇ ತಿಳಿಯಿತು. ಅತ್ತೆ ಹಟ್ಟಿಗೆ ಬಂದ ಎರಡನೆಯ ವರ್ಷ. ಕುರಿ ಕಾಯುವ ಕೆಂಚೇಶನ ಹೆಂಡತಿ ಲಕ್ಷ್ಮಿದೇವಿಗೆ ಎರಡನೆಯ ಹೆರಿಗೆ. ಅತ್ತೆ ಅಂದು ಲಸಿಕೆಗೆಂದು ಬೇರೆ ಹಟ್ಟಿಗೆ ಹೋಗಿದ್ದರು. ಕೊಲ್ಲಾಪುರಜ್ಜಿ ಒಬ್ಬರೇ ಹೆರಿಗೆ ಮಾಡಿಸಿದರು. ಗಂಡುಮಗು, ಆರೋಗ್ಯವಾಗಿತ್ತು. ನಾಲ್ಕನೆಯ ದಿನ ತಾಯಿಗೆ ಜ್ವರ ಬಂತು. ಏಳನೆಯ ದಿನ ಜೀಪು ಸಿಕ್ಕು ಆಸ್ಪತ್ರೆ ಮುಟ್ಟುವ ಮೊದಲೇ ಆಕೆ ತೀರಿಕೊಂಡಳು. ಇಪ್ಪತ್ತನಾಲ್ಕು ವರ್ಷದ ಅತ್ತೆ ಆ ಮನೆಯ ಅಂಗಳದಲ್ಲಿ, ಇಡೀ ಹಟ್ಟಿಯ ಮುಂದೆ, ‘ಈಕೆಯ ಕೊಳಕು ಕೈಯಿಂದಲೇ ನಂಜಾಗಿದ್ದು’ ಎಂದು ಕೂಗಾಡಿದ್ದರು. ಮುಂದೆ ಎರಡು ವರ್ಷ ಯಾರೂ ಅಜ್ಜಿಯನ್ನು ಹೆರಿಗೆಗೆ ಕರೆಯಲಿಲ್ಲ. ಆಮೇಲೆ ಸರ್ಕಾರದಿಂದ ಸೂಲಗಿತ್ತಿಯರಿಗೆ ತರಬೇತಿ ಬಂತು, ಅತ್ತೆಯೇ ಕಲಿಸಬೇಕಾಯಿತು. ಹಾಗೆ ಇಬ್ಬರೂ ಜೊತೆಯಾದರು. ಉಳಿದ ಮನೆಗಳು ಮರೆತವು. ಕೆಂಚೇಶನ ಮನೆ ಮರೆಯಲಿಲ್ಲ.

“ತೊಳ್ದಿದ್ದೆ ನರ್ಸಮ್ಮ” ಅಂದರು ಅಜ್ಜಿ. “ಬೂದಿ ಹಚ್ಚಿ, ಬಿಸಿನೀರಾಗೆ, ಎರಡು ಸಲ. ನಮ್ಮವ್ವ ಕಲಿಸಿದ್ದು ಅದು. ನೀವು ಬರಾಕೆ ಮುಂಚೆಯಿಂದ್ಲೂ ಹಂಗೇ ತೊಳೀತಿದ್ದೆ.”

“ಮತ್ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ಎಲ್ಲಾರ ಮುಂದೂ ಹೇಳಿದ್ದೆ. ನೀವು ಕೇಳಿಸ್ಕಳ್ಳಿಲ್ಲ.”

ಅತ್ತೆಯ ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ಒರೆಸಿಕೊಳ್ಳಲಿಲ್ಲ. “ಏನು ಬೇಕಾದ್ರೂ ಆಗಿರಬಹುದಿತ್ತು ಅಕ್ಕಾ. ಹೆತ್ತ ಮೇಲೆ ಮಾಸಿನ ಚೂರು ಒಳಗೆ ಉಳಿದಿರಬಹುದಿತ್ತು. ಆಕೆಗೆ ಮುಂಚೆಯೇ ನಂಜು ಇದ್ದಿರಬಹುದಿತ್ತು. ನಾನು ನೋಡೇ ಇರ್ಲಿಲ್ಲ. ನೋಡದೆ ಅಂದುಬಿಟ್ಟೆ.”

“ಹೋಗ್ಲಿ ಬಿಡ್ರಿ. ಅದೆಲ್ಲ ಯಾವಾಗಿಂದೋ.”

“ಅಷ್ಟು ಅನ್ನಿಸ್ಕಂಡು ಮೂವತ್ತು ವರ್ಷ ನನ್ನ ಜೊತೆ ಹೆಂಗೆ ನಡೆದೆ?”

ಅಜ್ಜಿ ಮೋಸಂಬಿಯ ತೊಳೆಯೊಂದನ್ನು ಅತ್ತೆಯ ಬಾಯಿಗಿಟ್ಟರು. “ನೀವು ಒಬ್ರೇ ಹೆಂಗೆ ಹೋಗ್ತಿದ್ರಿ ಆ ಹಾದ್ಯಾಗೆ? ಕುರಿನಾಯಿ ಬ್ಯಾರೆ. ನಾಯಿ ಕಂಡ್ರೆ ಡಬ್ಬಿ ಬಿಸಾಕಿ ಓಡ್ತಿದ್ರಿ.”

ಇಬ್ಬರೂ ನಕ್ಕರು. ನಗುತ್ತ ನಗುತ್ತ ಅತ್ತೆಗೆ ಅಳು ಜಾಸ್ತಿಯಾಯಿತು. ನಾನು ನೀರು ತರುವ ನೆಪದಲ್ಲಿ ಹೊರಗೆ ಬಂದೆ.

ಎಂಟನೆಯ ದಿನ ಮನೆಗೆ ಬಂದೆವು. ಸೋಂಕು ಮತ್ತೆ ಬಾರದಿರಲೆಂದು ದಿನಕ್ಕೊಂದು ಮಾತ್ರೆ, ಹೊಟ್ಟೆ ದಿನಕ್ಕೆರಡು ಮೂರು ಸಲ ಸಡಿಲವಾಗುವಂತೆ ಒಂದು ಸಿಹಿ ಸಿರಪ್ಪು ಕೊಟ್ಟಿದ್ದರು. ಅಜ್ಜಿ ಒಂದು ತಿಂಗಳು ನಮ್ಮಲ್ಲೇ ಇದ್ದು ಊರಿಗೆ ಹೋದರು. ಅವರು ಹೋದಂದಿನಿಂದ ಅತ್ತೆಯದು ಒಂದೇ ಹಟ. “ಕೆಂಚೇಶನ ಮನೆಗೆ ಕರ್ಕಂಡು ಹೋಗು.”

ಡಾಕ್ಟರಿಗೆ ಇಷ್ಟವಿರಲಿಲ್ಲ. ಬಿಸಿಲು, ಅಷ್ಟು ದೂರ. ಅತ್ತೆ ಪಟ್ಟು ಬಿಡಲಿಲ್ಲ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದು ತಂಪಾದ ಒಂದು ಭಾನುವಾರ, ಕುದಿಸಿ ಆರಿಸಿದ ನೀರು, ಉಪ್ಪಿಲ್ಲದ ಇಡ್ಲಿ ಕಟ್ಟಿಕೊಂಡು ನಸುಕಿಗೇ ಹೊರಟೆವು.

ಬಿಳಿಚೋಡು ದಾಟಿದ ಮೇಲೆ ಅತ್ತೆ ಕಿಟಕಿ ಇಳಿಸಿದರು. ಮಳೆ ಬಿದ್ದ ಕೆಂಪು ಹೊಲಗಳಲ್ಲಿ ಬಿತ್ತನೆಗೆ ನೇಗಿಲು ಹೊಡೆಯುತ್ತಿದ್ದರು, ಕೆಲವು ಕಡೆ ಟ್ರ್ಯಾಕ್ಟರು. “ಇಲ್ಲೊಂದು ಬಾವಿ ಇತ್ತು.” “ಇದು ಕಾಲುದಾರಿ, ಈಗ ಟಾರಾಗೈತೆ.” “ಈ ಬಾರೆ ಹಣ್ಣಿನ ಮರದ ಕೆಳಗೆ ನಾವಿಬ್ರೂ ಬುತ್ತಿ ಬಿಚ್ತಿದ್ವಿ.” ನಮ್ಮ ಕ್ವಾರ್ಟರ್ಸು ಇದ್ದಲ್ಲಿ ಹೊಸ ಕಟ್ಟಡ ಎದ್ದಿತ್ತು. ಹುಣಸೆಮರ ಇರಲಿಲ್ಲ. ಅದನ್ನು ನೋಡಲು ಅತ್ತೆ ಕಾರು ನಿಲ್ಲಿಸಲು ಹೇಳಲಿಲ್ಲ.

ಅಜ್ಜಿಯನ್ನು ಅವರ ಮನೆಯಿಂದ ಹತ್ತಿಸಿಕೊಂಡೆವು. ಎಲ್ಲಿಗೆಂದು ತಿಳಿದಾಗ ಇಳಿಯಲು ಹೋದರು. ಅತ್ತೆ ಅವರ ಕೈ ಹಿಡಿದುಕೊಂಡೇ ಕೂತಿದ್ದರು.

ಕೆಂಚೇಶ್ ಎಂಬತ್ತರ ಮುದುಕ, ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತಿದ್ದ. ಮಗ ನಿಂಗರಾಜ್ ಎದ್ದು ನಿಂತ. ಅಂದು ಹುಟ್ಟಿದ ಮಗು ಅವನೇ. ಈಗ ತಲೆ ನರೆಯುತ್ತಿತ್ತು. ಕೊಲ್ಲಾಪುರಜ್ಜಿ ಅಂಗಳದ ಆಚೆ, ಕಾರಿನ ಪಕ್ಕದಲ್ಲೇ ನಿಂತರು. ಅತ್ತೆ ಊದಿದ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆದು ಕಟ್ಟೆಯ ತುದಿಯಲ್ಲಿ ಕೂತರು.

“ಕೆಂಚೇಶಣ್ಣ, ಗುರ್ತು ಸಿಕ್ತಾ?”

“ನರ್ಸಮ್ಮ ಅಲ್ವಾ. ಹಿಂಗ್ಯಾಕಾಗೀರಿ?”

“ಕಾಯಿಲೆ. ಅದಿರ್ಲಿ. ಇದೇ ಅಂಗಳದಾಗೆ ನಾನೊಂದು ಮಾತು ಅಂದಿದ್ದೆ, ನಿಮ್ಮ ಮನೆಯಾಕಿ ಹೋದ ದಿನ. ಕೊಲ್ಲಾಪುರಮ್ಮನ ಕೈಯಿಂದ ಆಯ್ತು ಅಂತ. ಅದು ಸುಳ್ಳು. ನಾನು ನೋಡಿದ್ದಿಲ್ಲ, ನನಗೆ ಗೊತ್ತೂ ಇರ್ಲಿಲ್ಲ. ಎಲ್ಲಾರ ಮುಂದೆ ಅಂದಿದ್ದೆ, ಅದಕ್ಕೇ ಇಲ್ಲೇ ಬಂದು ಹೇಳ್ತಿದೀನಿ. ತಪ್ಪಾಯ್ತು.”

ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಕೆಂಚೇಶ್ ಕಂಬಳಿಯ ಎಳೆ ಕೀಳುತ್ತ ಹೇಳಿದ.

“ನೀರು ಕಾಸಿ ಕೊಟ್ಟವ ನಾನೇ ನರ್ಸಮ್ಮ. ಬೂದಿ ಕೇಳಿದ್ಲು, ಒಲ್ಯಾಗಿಂದ ತಗದು ಕೊಟ್ಟೆ. ತಿಕ್ಕಿ ತಿಕ್ಕಿ ತೊಳೆದ್ಲು, ಕಣ್ಣಾರೆ ಕಂಡಿದ್ದೆ. ನೀವು ಓದ್ದೋರು ಹಂಗಂದಮ್ಯಾಲೆ, ನಾನು ಕಂಡಿದ್ದೇ ಸುಳ್ಳೇನೋ ಅಂದ್ಕಂಡೆ.”

ಅತ್ತೆ ತಲೆ ತಗ್ಗಿಸಿದರು. ಮುದುಕ ಗೋಡೆ ಹಿಡಿದು ಎದ್ದ. ಕಾರಿನ ಕಡೆ ತಿರುಗಿ, “ಬಾರವ್ವ ಒಳಗೆ. ಬಿಸಿಲಾಗೆ ಎಷ್ಟೊತ್ತು ನಿಲ್ತೀಯ” ಎಂದ. ಅಜ್ಜಿ ಕದಲಲಿಲ್ಲ. ನಿಂಗರಾಜನೇ ಹೋಗಿ ಅವರ ಕೈ ಹಿಡಿದು ಕರೆತಂದ. ಅವನ ಹೆಂಡತಿ ಅಂಬಿಕಾ ಚೊಂಬಿನಲ್ಲಿ ಕಾಲಿಗೆ ನೀರು ತಂದಿಟ್ಟಳು. ಹೊಸ್ತಿಲ ಹತ್ತಿರ ಅಜ್ಜಿ ಒಮ್ಮೆ ನಿಂತು, ನಿಂಗರಾಜನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. “ಒಂದು ಗಳಿಗೆ ಅತ್ತಿರಲಿಲ್ಲ ನೀನು. ಬೆನ್ನು ತಟ್ಟಿದ ಮ್ಯಾಲೆ ಅತ್ತಿ” ಅಂದರು.

ಅಂದು ಅಜ್ಜಿಗೆ ಆ ಮನೆಯಲ್ಲಿ ಊಟ. ಅತ್ತೆಗೆ ಅಲ್ಲಿಯದು ತಿನ್ನುವಂತಿರಲಿಲ್ಲ. ಕಟ್ಟೆಯ ಮೇಲೆ ಇಡ್ಲಿ ಬಿಚ್ಚಿಕೊಂಡು, ಒಳಗಿನಿಂದ ಬರುತ್ತಿದ್ದ ಮಾತು ಕೇಳುತ್ತ ಕೂತರು. ಹೊರಡೋಣವೇ ಎಂದು ನಾನು ಎರಡು ಸಲ ಕೇಳಿದೆ. “ತಡಿ, ಆಕೆ ಉಣ್ಲಿ” ಅಂದರು.

ಅತ್ತೆ ಅದಾದ ಮೇಲೆ ಹದಿನಾಲ್ಕು ತಿಂಗಳು ಇದ್ದರು. ಹೋದ ವರ್ಷದ ಆಷಾಢದಲ್ಲಿ, ಒಂದು ಬೆಳಿಗ್ಗೆ, ನಿದ್ದೆಯಲ್ಲೇ ಹೋದರು. ಮಧ್ಯಾಹ್ನದ ಹೊತ್ತಿಗೆ ನಿಂಗರಾಜ್ ತನ್ನ ಟೆಂಪೋದಲ್ಲಿ ಅಜ್ಜಿಯನ್ನು ಕರೆತಂದ. ಹಿಂದೆ ಹಟ್ಟಿಯ ಇಪ್ಪತ್ತು ಜನ ನಿಂತಿದ್ದರು. ಅವರಲ್ಲಿ ಎಷ್ಟೋ ಮಂದಿಯ ಮುಖ ನನಗೆ ತಿಳಿಯಲಿಲ್ಲ. ಅಜ್ಜಿ ಒಬ್ಬೊಬ್ಬರನ್ನೇ ತೋರಿಸಿ, ಇವನು ಹುಟ್ಟಿದ್ದು ಇಂಥ ವರ್ಷ, ಇವಳು ಇಂಥ ಮಳೆಯಲ್ಲಿ, ಎಂದು ನನಗೆ ಹೇಳುತ್ತಲೇ ಇದ್ದರು.